ದುಡುಕಿದವರು

ಅಪ್ಪನ ನಾಟಕ ನೋಡಿ ಅತ್ತವರು ನನಗೆ ಇಂದಿಗೂ ಸಿಗುತ್ತಾರೆ. ಬಾಗಲಕೋಟೆಯ ಬಸ್ಸಿನಲ್ಲಿ ಪಕ್ಕದ ಸೀಟಿನವರಾಗಿ, ಮದುವೆ ಮನೆಯ ಊಟದ ಸಾಲಿನಲ್ಲಿ ಎದುರು ಕುಳಿತವರಾಗಿ. ಹುನಗುಂದದ ಪೇಟಿ ಮಾಸ್ತರರ ಮಗಳು ಎಂದು ಗೊತ್ತಾದರೆ ಸಾಕು, ಅವರ ಮುಖ ಮೆತ್ತಗಾಗುತ್ತದೆ, ನನ್ನ ಕೈ ಹಿಡಿದುಕೊಳ್ಳುತ್ತಾರೆ.

"ಏನ್ ನಾಟಕರೀ ಅದು! ಸತ್ತ ತಂಗಿ ಗೋರಿ ಮುಂದ ಅಣ್ಣ ಕುಂತು ಹಾಡತಾನಲ್ಲ, ಅದನ್ನ ನೋಡಿ ಬಂದು ನಮ್ಮವ್ವ ಅವತ್ತ ಉಣ್ಣಲಿಲ್ಲರೀ."

ನಾನು ಕೈ ಬಿಡಿಸಿಕೊಳ್ಳುತ್ತೇನೆ. ಸೌಜನ್ಯಕ್ಕಾದರೂ ಒಂದು ನಗು ಬರುವುದಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಯಾಕೆ ಎಂದು ಹೇಳಬೇಕಾದರೆ ಆ ಮನೆಯನ್ನು ಹೇಳಬೇಕು.

ಹುನಗುಂದದ ಹಳೆಯ ಓಣಿಯೊಂದರಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಉದ್ದನೆಯ ಪಡಸಾಲೆ. ಗೋಡೆಯ ಮೇಲೆ ಬಸವಣ್ಣನ ಪಟ, ಅದರ ಕೆಳಗೆ ಕೆಂಪು ಬಟ್ಟೆ ಹೊದ್ದ ಅಪ್ಪನ ಹಾರ್ಮೋನಿಯಂ. ಅದನ್ನು ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪಡಸಾಲೆಯ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಜೋಳದ ಚೀಲಗಳನ್ನು ಪೇರಿಸಿಟ್ಟ ಕತ್ತಲೆ ಕೋಣೆ. ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ, ನನ್ನ ನೀಲತ್ತೆ, ಆ ಕೋಣೆಯಲ್ಲಿ ಮಲಗುತ್ತಿದ್ದಳು. ಮದುವೆಯಾಗಿರಲಿಲ್ಲ. ಯಾಕೆ ಆಗಿಲ್ಲ ಎಂದು ನಾನು ಕೇಳಿದಾಗಲೆಲ್ಲ ಅವ್ವ ನನ್ನ ಬಾಯಿಗೆ ಒಂದು ತುತ್ತು ತುರುಕಿ ಮಾತು ತಿರುಗಿಸುತ್ತಿದ್ದಳು. ಮನೆಗೆ ಹೊರಗಿನವರು ಬಂದರೆ ಅತ್ತೆ ಪಡಸಾಲೆಗೆ ಕಾಲಿಡುವಂತಿರಲಿಲ್ಲ. ಹೀಗೆಂದು ಯಾರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಅಡುಗೆಮನೆಯ ಹೊಸಿಲ ಹತ್ತಿರ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು. ಅಡುಗೆಮನೆಯಲ್ಲಿ ಮಾತ್ರ ಅವಳದೇ ರಾಜ್ಯ. ಅವಳು ರೊಟ್ಟಿ ಬಡಿದರೆ ಅದು ಹರಿಯದೆ, ಸೀಯದೆ, ಹಂಚಿನ ಮೇಲೆ ಉಬ್ಬಿ ನಿಲ್ಲುತ್ತಿತ್ತು. ಮೊದಲ ರೊಟ್ಟಿಯ ಮೇಲೆ ಬೆಣ್ಣೆ ಸವರಿ, ಗುರೆಳ್ಳು ಚಟ್ನಿ ಇಟ್ಟು, ಅವ್ವನಿಗೆ ಕಾಣದಂತೆ ನನ್ನ ಕೈಗೆ ಕೊಡುತ್ತಿದ್ದಳು.

ಅಪ್ಪನ ಕಸುಬು ಹಳ್ಳಿಯವರಿಗೆ ನಾಟಕ ಕಲಿಸುವುದು. ಸುತ್ತಲಿನ ಊರುಗಳ ರೈತರು, ಅಂಗಡಿಯವರು, ಸಾಲಿ ಮಾಸ್ತರರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ಅವರಿಗೆ ಮಾತು, ಹಾಡು, ನಿಲ್ಲುವ ಠೀವಿ ಎಲ್ಲವನ್ನೂ ಅಪ್ಪ ಹೇಳಿಕೊಡುತ್ತಿದ್ದ. ಅದಕ್ಕೆ ತಾಲೀಮು ಎನ್ನುತ್ತಿದ್ದರು. ಒಮ್ಮೊಮ್ಮೆ ಅಪ್ಪ ಅವರ ಊರಿಗೆ ಹೋಗುತ್ತಿದ್ದ, ಒಮ್ಮೊಮ್ಮೆ ಅವರೇ ಟ್ರ್ಯಾಕ್ಟರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದರು. ಬಂದವರಿಗೆಲ್ಲ ರೊಟ್ಟಿ, ಬದನೆಕಾಯಿ ಪಲ್ಯ. ಎಲ್ಲ ಊರಿನವರೂ ಕೇಳುತ್ತಿದ್ದುದು ಒಂದೇ ನಾಟಕವನ್ನು, ಅಪ್ಪ ತಾನೇ ಬರೆದದ್ದನ್ನು. ಒಂದೊಂದು ಊರಿನವರು ಅದಕ್ಕೆ ಒಂದೊಂದು ಹೆಸರಿಟ್ಟು ಆಡುತ್ತಿದ್ದರು, ಆದರೆ ಕಥೆ ಒಂದೇ. ಒಳ್ಳೆಯ ಮನೆತನದ ಹುಡುಗಿಯೊಬ್ಬಳು ಮನೆಗೆ ಹಾಡು ಕಲಿಯಲು ಬರುವ ಹುಡುಗನಿಗೆ ಮನಸ್ಸು ಕೊಡುತ್ತಾಳೆ. ಹಿರಿಯರ ಮಾತು ಕೇಳದೆ, ಹಿಂದೆ ಮುಂದೆ ನೋಡದೆ ಅವನ ಜೊತೆ ಓಡಿಹೋಗಲು ಹೊರಡುತ್ತಾಳೆ. ಹುಡುಗ ಬರುವುದು ತಡವಾಗುತ್ತದೆ. ಮೋಸಹೋದೆ ಎಂದು ದುಡುಕಿ ಅವಳು ವಿಷ ಕುಡಿಯುತ್ತಾಳೆ. ಓಡಿ ಬಂದ ಹುಡುಗ ಉಳಿದ ವಿಷವನ್ನು ತಾನು ಕುಡಿಯುತ್ತಾನೆ. ಕೊನೆಗೆ ದೇವರಂಥ ಅಣ್ಣ ತಂಗಿಯ ಗೋರಿಯ ಮುಂದೆ ಕುಳಿತು ಹಾಡುತ್ತಾನೆ. ಒಂದು ಮಾತು ನನಗೆ ಹೇಳಿದ್ದರೆ ನಾನೇ ನಿನ್ನ ಕೈ ಹಿಡಿದು ಧಾರೆ ಎರೆಯುತ್ತಿದ್ದೆನಲ್ಲ ತಂಗೀ ಎಂದು. ಜನ ಗೋಳೋ ಎಂದು ಅಳುತ್ತಿದ್ದುದು ಅಲ್ಲಿ. ಸತ್ತವರಿಗಾಗಿ ಅಲ್ಲ, ಅಣ್ಣನಿಗಾಗಿ. ಊರ ಗೌಡರು ವೇದಿಕೆ ಹತ್ತಿ ಅಣ್ಣನ ಪಾತ್ರದವನಿಗೆ ಶಾಲು ಹೊದಿಸುತ್ತಿದ್ದರು.

ನಾಯಕಿಯ ಪಾತ್ರಕ್ಕೆ ನಾಟಕ ಕಂಪನಿಯ ನಟಿಯರನ್ನು ಕರೆಸುವುದು ರೂಢಿ. ಅವರು ಬರುತ್ತಿದ್ದುದು ಕೊನೆಯ ತಾಲೀಮಿಗೆ. ಅಲ್ಲಿಯತನಕ ನಾಯಕಿಯ ಮಾತು ಹೇಳಲು ಯಾರಾದರೂ ಬೇಕಲ್ಲ. ಅಪ್ಪ ನನ್ನನ್ನು ನಿಲ್ಲಿಸುತ್ತಿದ್ದ. ಲಂಗ ದಾವಣಿಯಲ್ಲಿ ಪಡಸಾಲೆಯ ನಡುವೆ ನಿಂತು ನಾನು ಪ್ರೀತಿಸುತ್ತಿದ್ದೆ, ಅಳುತ್ತಿದ್ದೆ, ಖಾಲಿ ಲೋಟದಿಂದ ವಿಷ ಕುಡಿದು ಬೀಳುತ್ತಿದ್ದೆ. ಚೆನ್ನಾಗಿ ಬಿದ್ದ ದಿನ ಅಪ್ಪ ಪೇಟಿಯ ಮೇಲಿನ ಕೈ ತೆಗೆದು ನನ್ನ ತಲೆ ಸವರುತ್ತಿದ್ದ. ನನಗೆ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ. ಸಾಯುವ ದೃಶ್ಯ ಬಂತೆಂದರೆ ಅಪ್ಪ ಅಡುಗೆಮನೆಯ ಕಡೆ ಮುಖ ತಿರುಗಿಸಿ ಕೂಗುತ್ತಿದ್ದ:

"ಏ, ರೊಟ್ಟಿ ಬಡಿಯೂದು ನಿಂದರಸ್ರಿ ಸ್ವಲ್ಪ. ಇಲ್ಲಿ ಸೀನ್ ನಡದೈತಿ."

ಒಳಗೆ ಅತ್ತೆಯ ಕೈ ನಿಲ್ಲುತ್ತಿತ್ತು. ನಾನು ಸತ್ತ ಮೇಲೆ ಮತ್ತೆ ಶುರುವಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಬೇವೂರಿಗೆ ತಾಲೀಮಿಗೆಂದು ಹೋಗಿದ್ದಾಗ, ಒಬ್ಬ ಮನುಷ್ಯ ನಮ್ಮ ಬಾಗಿಲಿಗೆ ಬಂದ. ಬಿಳಿ ಅಂಗಿ, ಕಿವಿಯ ಹತ್ತಿರ ನರೆತ ಕೂದಲು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆ, ಒಂದು ತೆಂಗಿನಕಾಯಿ, ಊದುಬತ್ತಿ. ನಾನು ಕಟ್ಟೆಯ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದೆ.

"ಮಾಸ್ತರ ಅದಾರೇನವ್ವಾ?"

"ಇಲ್ಲರಿ, ಊರಿಗೆ ಹೋಗ್ಯಾರ. ನಾಟಕದ ಕೆಲಸೇನ್ರಿ?"

"ನಾಟಕದ್ದಲ್ಲ. ನಾ ಇಲಕಲ್ಲದವ, ಸೊಲ್ಲಾಪುರದಾಗ ಇರ್ತೇನಿ. ಈರಣ್ಣ ಅಂತ ಹೇಳು, ಅವರಿಗೆ ತಿಳೀತೈತಿ." ಆತ ಹಾಗೇ ನಿಂತ, ಚಪ್ಪಲಿ ಬಿಡಲೋ ಬೇಡವೋ ಎನ್ನುವಂತೆ. "ಮೊನ್ನಿ ನಮ್ಮ ಬೀಗರ ಊರಾಗ ಅವರ ನಾಟಕಾ ನೋಡಿದೆ. ಮಾಸ್ತರ ಮ್ಯಾಲೆ ನನಗ ಭಾಳ ವರ್ಷ ಸಿಟ್ಟಿತ್ತು. ನಾಟಕಾ ನೋಡಿದ ಮ್ಯಾಲೆ ಹೋತು. ಅವರೂ ಎಷ್ಟ ನೊಂದಾರ ಅಂತ ಗೊತ್ತಾತು. ನೀಲವ್ವನ್ನ ಮಣ್ಣು ಮಾಡಿದ್ದು ಎಲ್ಲಿ ಅಂತ ಕೇಳಿ, ಒಂದ ಹೂವಿನ ಮಾಲಿ ಹಾಕಿ ಹೋಗೂಣು ಅಂತ ಬಂದೆ."

ನನಗೆ ಅರ್ಥವಾಗಲಿಲ್ಲ.

"ಯಾವ ನೀಲವ್ವರಿ? ನಮ್ಮ ನೀಲತ್ತಿ ಒಳಗ ರೊಟ್ಟಿ ಮಾಡಾಕ ಹತ್ಯಾಳಲ್ಲ."

ಆತ ಮೊದಲು ನಕ್ಕ, ಮಗು ಏನೋ ತಿಳಿಯದೆ ಆಡಿತು ಎನ್ನುವಂತೆ. ಆಮೇಲೆ ಒಳಗಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸದ್ದು ಕಿವಿಗೆ ಬಿದ್ದಿರಬೇಕು. ಬಾಗಿಲ ಚೌಕಟ್ಟು ಹಿಡಿದುಕೊಂಡ. ನಾನು ಒಳಗೆ ಓಡಿ ಅತ್ತೆಗೆ ಹೇಳಿದೆ. ಈರಣ್ಣ ಎಂಬ ಹೆಸರು ಕೇಳಿದವಳೇ ಅವಳು ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದಳು. ಕೈತುಂಬ ಜೋಳದ ಹಿಟ್ಟು. ಅಡುಗೆಮನೆಯ ಹೊಸಿಲ ಹತ್ತಿರ ಅವಳ ಕಾಲು ಅಂದು ನಿಲ್ಲಲಿಲ್ಲ, ಪಡಸಾಲೆ ದಾಟಿದಳು, ಹೊರಬಾಗಿಲಿಗೇ ಬಂದಳು.

"ಅವತ್ತ ತುಳಸಿಗೇರಿಗೆ ಯಾಕ ಬರಲಿಲ್ಲ ನೀ?"

ಅಷ್ಟು ವರ್ಷಗಳ ನಂತರ ಅವಳು ಆಡಿದ ಮೊದಲ ಮಾತು ಅದು. ಹೇಗಿದ್ದೀ ಎಂದಲ್ಲ, ಯಾವಾಗ ಬಂದೆ ಎಂದಲ್ಲ.

"ಬಂದಿದ್ನಲ್ಲ ನೀಲಾ. ಹಣಮಪ್ಪನ ಗುಡಿ ಮುಂದ ಹೊತ್ತ ಮುಳಗೂತನಕಾ ಕುಂತಿದ್ದೆ. ಮರುದಿನ ನಿಮ್ಮಣ್ಣ ನಮ್ಮನಿಗೆ ಬಂದಾ. ನೀ ಬೆಳಿಗೆ ಹೊಡಿಯೂ ಎಣ್ಣಿ ಕುಡದು ಸತ್ತಿ, ಮಣ್ಣು ಮಾಡಿ ಬಂದೆ ಅಂದಾ. ನನ್ನ ಸಲುವಾಗಿ ಸತ್ತಿ ಅಂದಾ."

"ನನ್ನ ಮುಂದ ಅಂದದ್ದ ಬ್ಯಾರೆ. ನೀ ಅಂಜಿ ಸೊಲ್ಲಾಪುರಕ್ಕ ಓಡಿ ಹೋದಿ ಅಂದಾ."

ಅವ್ವ ಹಿಂದಿನಿಂದ ಬಂದು ಅತ್ತೆಯ ಸೆರಗು ಹಿಡಿದು ಎಳೆದಳು. "ಒಳಗ ನಡಿ ನೀಲವ್ವಾ, ಓಣಿ ಮಂದಿ ನೋಡತಾರ."

ಅತ್ತೆ ತಿರುಗಿದಳು. "ವೈನಿ, ನಿನಗ ಇದು ಗೊತ್ತಿತ್ತೇನು?"

ಅವ್ವ ನೆಲ ನೋಡಿದಳು. ಆ ಕ್ಷಣದಿಂದ ಅವ್ವನ ಮೇಲೆ ಹುಟ್ಟಿದ ನನ್ನ ಸಿಟ್ಟಿಗೂ ಇಂದಿಗೂ ಕೊನೆಯಿಲ್ಲ. ಪಾಪ, ಆಕೆಯಾದರೂ ಏನು ಮಾಡಿಯಾಳು ಎಂದು ಎಲ್ಲರೂ ಹೇಳುತ್ತಾರೆ. ಹೇಳಬಹುದಿತ್ತು. ಒಲೆಯ ಮುಂದೆ ದಿನಾ ಇಬ್ಬರೇ ಕುಳಿತಿರುತ್ತಿದ್ದರು. ಒಂದು ದಿನ, ಒಂದು ಮಾತು ಹೇಳಬಹುದಿತ್ತು.

ಆಮೇಲೆ ತುಂಡು ತುಂಡಾಗಿ ಕೇಳಿ ನಾನು ಜೋಡಿಸಿಕೊಂಡದ್ದು ಇಷ್ಟು. ಈರಣ್ಣ ಇಲಕಲ್ಲದ ನೇಕಾರರ ಮನೆಯ ಹುಡುಗ. ಅಪ್ಪನ ಹತ್ತಿರ ಪೇಟಿ ಕಲಿಯಲು ಬರುತ್ತಿದ್ದ. ಇಬ್ಬರ ಮನಸ್ಸು ಕೂಡಿದ ಮೇಲೆ ಎರಡು ವರ್ಷ ಯಾರಿಗೂ ಹೇಳದೆ ಕಾದ. ಆಮೇಲೆ ತನ್ನ ಸೋದರಮಾವನನ್ನು ಕರೆದುಕೊಂಡು ರೀತಿ ಪ್ರಕಾರ ಹೆಣ್ಣು ಕೇಳಲು ಬಂದ. ಅವರೂ ಲಿಂಗ ಕಟ್ಟಿದವರೇ, ನಾವೂ ಕಟ್ಟಿದವರೇ. ಆದರೂ ಅಪ್ಪ, ಪಡಸಾಲೆಯಲ್ಲಿ ಬಸವಣ್ಣನ ಪಟದ ಕೆಳಗೆ ಕುಳಿತು, ಮಗ್ಗದವರಿಗೆ ನಮ್ಮ ಹೆಣ್ಣು ಕೊಡುವುದಿಲ್ಲ ಎಂದು ಬಂದವರನ್ನು ನೀರೂ ಕೊಡದೆ ಎಬ್ಬಿಸಿ ಕಳಿಸಿದ. ಅಂದು ಸಂಜೆ ಅದೇ ಜಾಗದಲ್ಲಿ ಕುಳಿತು ವಚನ ಹಾಡಿದ ಎಂದು ಅತ್ತೆ ಹೇಳಿದಳು. ಬೇರೆ ದಾರಿ ಕಾಣದೆ, ಶನಿವಾರ ತುಳಸಿಗೇರಿಯ ಜನಸಂದಣಿಯಲ್ಲಿ ಕೂಡುವುದು, ಅಲ್ಲಿಂದ ಮಹಾಕೂಟಕ್ಕೆ ಹೋಗಿ ತಾಳಿ ಕಟ್ಟಿಕೊಳ್ಳುವುದು ಎಂದು ಇಬ್ಬರೂ ಗೊತ್ತು ಮಾಡಿದ್ದರು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಅವಳನ್ನು ಹಿಡಿದ. ಹಿಡಿದು ತಂದು ಆ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ. ಅವಳು ಸತ್ತಿಲ್ಲ ಎಂಬುದು ಈರಣ್ಣನ ತಂದೆಗೆ ಕೆಲವೇ ದಿನಗಳಲ್ಲಿ ಗೊತ್ತಾಯಿತು. ಅವರೂ ಸುಮ್ಮನಾದರು, ಮಗನನ್ನು ಸೊಲ್ಲಾಪುರದ ಬಟ್ಟೆ ಗಿರಣಿಗೆ ಅಟ್ಟಿದರು, ಅಲ್ಲೇ ಮದುವೆ ಮಾಡಿದರು. ಎರಡೂ ಮನೆಯವರು ಬೀಗರಾದದ್ದು ಆ ಒಂದು ಸುಳ್ಳಿನಲ್ಲಿ ಮಾತ್ರ.

ಆ ಮಧ್ಯಾಹ್ನ ಈರಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಕೈಯಲ್ಲಿದ್ದ ಹೂವನ್ನು ಏನು ಮಾಡಬೇಕೆಂದು ತಿಳಿಯದೆ ಅತ್ತ ಇತ್ತ ಮಾಡುತ್ತಿದ್ದ. ಅತ್ತೆ ಕೈ ಚಾಚಿದಳು.

"ನನಗ ತಂದದ್ದಲ್ಲೇನು? ಕೊಡು ಇಲ್ಲೆ."

ತೆಗೆದುಕೊಂಡು, ಹಿಟ್ಟಿನ ಕೈಯಲ್ಲೇ, ಓಣಿಯ ಜನ ನೋಡುತ್ತಿರುವಾಗಲೇ ತುರುಬಿಗೆ ಸುತ್ತಿಕೊಂಡಳು. ಆಮೇಲೆ ಅವನನ್ನು ಒಳಗೆ ಕರೆದು, ಪಡಸಾಲೆಯ ನಡುವೆ ಕೂಡಿಸಿ ಊಟಕ್ಕೆ ಬಡಿಸಿದಳು. ಅವನು ರೊಟ್ಟಿ ಮುರಿದು ಹಾಗೇ ತಾಟಿನಲ್ಲಿಟ್ಟ. ಮಕ್ಕಳೆಷ್ಟು ಎಂದು ಕೇಳಿದಳು. ಇಬ್ಬರು ಹೆಣ್ಣು, ಒಬ್ಬ ಗಂಡು ಎಂದ. ಹೆಂಡತಿ ಚಲೋ ಅದಾಳೇನು ಎಂದಳು. ಹೂಂ ಎಂದ. ಅಷ್ಟೇ. ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದ, ಅವಳು ಹೇಳಗೊಡಲಿಲ್ಲ.

"ಹೋಗು. ಮಕ್ಕಳು ಹಾದಿ ನೋಡತಿರ್ತಾವ. ನಮ್ಮದು ಆತು."

ಅಪ್ಪ ಮರುದಿನ, ಭಾನುವಾರ, ಬೇವೂರಿನ ತಂಡದವರನ್ನು ಕಟ್ಟಿಕೊಂಡೇ ಬಂದ. ಆಟ ಹತ್ತಿರ ಬಂದಿತ್ತು. ಅವ್ವ ಬಾಗಿಲಲ್ಲೇ ಅವನ ಕಿವಿಗೆ ವಿಷಯ ಹಾಕಿದಳು. ಅವನ ಮುಖ ಒಂದು ಕ್ಷಣ ಕಪ್ಪಿಟ್ಟಿತು, ಅಷ್ಟೇ. ತಂಗಿಯ ಹತ್ತಿರ ಹೋಗಲಿಲ್ಲ. ಕೋಟು ತೆಗೆದು ಗೂಟಕ್ಕೆ ಹಾಕಿ ಪೇಟಿಯ ಮುಂದೆ ಕುಳಿತ. ಅದನ್ನು ನೆನೆದರೆ ನನ್ನ ಮೈ ಈಗಲೂ ಉರಿಯುತ್ತದೆ. ಅಷ್ಟು ದೊಡ್ಡ ಸುಳ್ಳು ಬಯಲಾದ ದಿನವೂ ಅವನು ಶ್ರುತಿ ಹಿಡಿಯಬಲ್ಲವನಾಗಿದ್ದ.

"ಗಿರಿಜಾ, ನಿಂದ್ರು ಬಾ. ಕಡೀ ಸೀನ್ ತಗೊಳ್ಳೂಣು."

ನಾನು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು ಪೇಟಿಯ ಎದುರಿಗೆ, ಗಂಡಸರ ನಡುವೆ, ನೆಲದ ಮೇಲೆ ಕುಳಿತಳು. ಅಣ್ಣನ ಪಾತ್ರ ಮಾಡುತ್ತಿದ್ದವರು ಬೇವೂರಿನ ಒಬ್ಬ ದಪ್ಪನೆಯ ರೈತ, ಸಾಧು ಮನುಷ್ಯ. ಅವಳು ಅವರನ್ನೇ ನೋಡುತ್ತ ಹೇಳಿದಳು:

"ಹಾಡ್ರಿ ಕಾಕಾ. ನೀವು ಯಾರ ಗೋರಿ ಮುಂದ ಕುಂತು ಅಳತೀರಿ, ಆಕಿ ನಾನ. ನಾ ಸತ್ತಿಲ್ಲ. ಇಷ್ಟ ವರ್ಷ ನಿಮಗ ರೊಟ್ಟಿ ಮಾಡಿ ಹಾಕೀನಿ."

"ನೀಲಾ, ಒಳಗ ಹೋಗು," ಎಂದ ಅಪ್ಪ.

"ಹೋಗಂಗಿಲ್ಲ. ಯಾಕಣ್ಣಾ ನನ್ನ ಸಾಯಿಸಿದಿ?"

"ಮನಿ ಮಾನ ಉಳಸಾಕ. ನಿನ್ನ ಒಳ್ಳೇದಕ್ಕ. ಹರೇದ ದುಡುಕಿನಾಗ ಹಾಳಾಗಿ ಹೊಂಟಿದ್ದಿ ನೀ."

"ದುಡುಕು ಯಾರದು? ಅವ ಎರಡು ವರ್ಷ ಕಾದಾ. ಹಿರ್ಯಾರ್ನ ಮುಂದ ಮಾಡಿಕೊಂಡು ಕೇಳಾಕ ಬಂದಾ. ನೀ ಒಂದ ರಾತ್ರ್ಯಾಗ ನನ್ನ ಕೊಂದು, ಮಣ್ಣು ಮಾಡಿ, ಮುಂಜಾನೆ ಇಲಕಲ್ಲಕ್ಕ ಸುದ್ದಿ ಮುಟ್ಟಿಸಿ ಬಂದಿ. ಅದು ಸಾಲದು ಅಂತ ಆ ಹಾಡ ಬ್ಯಾರೆ. ಒಂದ ಮಾತ ಹೇಳಿದ್ರ ಧಾರಿ ಎರೀತಿದ್ದಿ? ಹೇಳಿದ್ನಲ್ಲ ಅಣ್ಣಾ! ಇದ ಪಡಸಾಲ್ಯಾಗ, ನಿನ್ನ ಕಾಲ ಹಿಡದು ಹೇಳಿದ್ನಲ್ಲ!"

ಅಪ್ಪ ಎದ್ದು ಕೈ ಎತ್ತಿದ. ಅವ್ವ, ನಾನು ಕಂಡಂತೆ ತನ್ನ ಜೀವನದಲ್ಲಿ ಒಂದೇ ಒಂದು ಸಲ, ಅಡ್ಡ ಬಂದು ಆ ಕೈ ಹಿಡಿದಳು. ಬೇವೂರಿನ ಆ ರೈತ ಮೆಲ್ಲಗೆ ಎದ್ದು ಟೊಪ್ಪಿಗೆ ತಲೆಗಿಟ್ಟುಕೊಂಡರು.

"ಮಾಸ್ತರ್ರ, ಈ ಪಾರ್ಟ ನನ್ನ ಕೈಲೆ ಆಗಂಗಿಲ್ಲರಿ," ಎಂದು ಹೊರಗೆ ನಡೆದರು.

ಕಥೆ ಇಲ್ಲಿಗೆ ನಿಂತಿದ್ದರೆ ನನ್ನ ಸಿಟ್ಟಿಗೂ ಒಂದು ದಡ ಸಿಗುತ್ತಿತ್ತೇನೋ. ನಿಲ್ಲಲಿಲ್ಲ. ಬೇವೂರಿನ ಉಳಿದವರು ಅಣ್ಣನ ಪಾತ್ರಕ್ಕೆ ಬೇರೊಬ್ಬನನ್ನು ಹುಡುಕಿಕೊಂಡರು. ಗೊತ್ತುಮಾಡಿದ ದಿನವೇ ನಾಟಕ ನಡೆಯಿತು. ನಾಟಕದ ತಂಗಿ ಈ ನೀಲವ್ವನೇ, ಅವಳು ಬದುಕಿದ್ದಾಳೆ ಎಂದು ಆ ಹೊತ್ತಿಗೆ ಅರ್ಧ ಊರಿಗೆ ಗೊತ್ತಿತ್ತು. ಆದರೂ ಜನ ಬಂದರು, ಕುಳಿತರು, ಅಣ್ಣನ ಹಾಡಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸತ್ತ ಹುಡುಗಿಯ ಮೇಲೆ ಅಷ್ಟು ಅಂತಃಕರಣ ಇದ್ದ ಜನಕ್ಕೆ ಬದುಕಿದ್ದವಳ ಬಗ್ಗೆ ಆಡಲು ಇದ್ದದ್ದು ಬೇರೆಯೇ ಮಾತು. ಮೀಸೆ ಹೊತ್ತ ಗಂಡಸನ್ನು ಮನೆಗೆ ಕರೆದು ಉಣ್ಣಿಸಿದಳಂತೆ, ತಲೆಗೆ ಹೂ ಮುಡಿದಳಂತೆ, ಅಣ್ಣನ ಮಾನ ಕಳೆದಳಂತೆ.

ಅತ್ತೆ ನಮ್ಮ ಮನೆಯಲ್ಲಿ ಮತ್ತೆ ಒಲೆ ಹಚ್ಚಲಿಲ್ಲ. ನಮ್ಮ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರು ಯಾರಿಗೋ ಹೇಳಿ ಬಾದಾಮಿಯ ಹುಡುಗಿಯರ ಹಾಸ್ಟೆಲ್ ಒಂದರಲ್ಲಿ ಅವಳಿಗೆ ಅಡುಗೆಯ ಕೆಲಸ ಕೊಡಿಸಿದರು. ಎರಡು ಸೀರೆ ಗಂಟು ಕಟ್ಟಿಕೊಂಡು ಹೊರಟಾಗ ಅಪ್ಪ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ. ಬಸ್ಸಿನ ತನಕ ನಾನೊಬ್ಬಳೇ ಹೋದೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಇನ್ನು ಮೇಲೆ ನಾನು ನಾಟಕದ ಮಾತು ಹೇಳುವುದಿಲ್ಲ, ಹಾಡುವುದೂ ಇಲ್ಲ ಎಂದು. ನೀನೂ ಆಕಿ ಹಾದಿ ಹಿಡೀತಿ ಎಂದ. ಹಿಡೀತೇನಿ ಎಂದೆ. ಅಂದು ಬಿದ್ದ ಪೆಟ್ಟಿನಿಂದ ಎಡಗಿವಿ ವಾರಗಟ್ಟಲೆ ಗುಂಯ್ಗುಡುತ್ತಿತ್ತು. ಆ ಮನೆಯಲ್ಲಿ ನಾನು ಬೆಳೆದು ದೊಡ್ಡವಳಾದದ್ದು ಅಂದೇ. ಅಲ್ಲಿಯತನಕ ನಾನು ಅಪ್ಪನ ಕೈ ತಲೆ ಮೇಲೆ ಬೀಳಲಿ ಎಂದು ಚೆಂದಾಗಿ ಸಾಯುತ್ತಿದ್ದ ಮಗುವಾಗಿದ್ದೆ. ಹತ್ತನೆಯ ತರಗತಿ ಮುಗಿಸಿ, ಅದೇ ಹಾಸ್ಟೆಲಿನಲ್ಲಿ ಇದ್ದು ಓದುತ್ತೇನೆ ಎಂದು ಹಟ ಹಿಡಿದು, ಉಪವಾಸ ಕುಳಿತು, ಬಾದಾಮಿಗೆ ಹೋದೆ. ಅಪ್ಪ ಕೊನೆಯ ತನಕ ಆ ನಾಟಕ ಕಲಿಸುತ್ತಲೇ ಇದ್ದ, ನಮ್ಮ ಪಡಸಾಲೆಯಲ್ಲಿ ಅಲ್ಲ, ಬೇರೆ ಊರುಗಳಲ್ಲಿ. ಕರುಣಾರಸವೆಂದರೆ ಮಾಸ್ತರರದು ಎಂದು ಸನ್ಮಾನ ಮಾಡಿದರು. ಒಂದು ದಿನವೂ ತಂಗಿಯ ಬಳಿ ತಪ್ಪಾಯಿತು ಎನ್ನಲಿಲ್ಲ. ಅವನು ತೀರಿಕೊಂಡಾಗ ಅತ್ತೆ ಬಂದಳು, ಮಣ್ಣು ಹಾಕಿದಳು, ಅಳಲಿಲ್ಲ, ಸಂಜೆಯ ಬಸ್ಸಿಗೆ ಹೊರಟುಹೋದಳು.

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಸಾಹಿತ್ಯ ಪಾಠ ಮಾಡಿಕೊಂಡು ಬಂದವಳು. ಹಳೆಯ ಕಾಲದ ದುರಂತ ನಾಟಕಗಳು ಪ್ರತಿ ವರ್ಷ ಪಠ್ಯದಲ್ಲಿ ಇದ್ದೇ ಇರುತ್ತಿದ್ದವು. ಹಗೆ ಕಟ್ಟಿಕೊಂಡ ಎರಡು ಮನೆ, ಹರೆಯದ ಇಬ್ಬರು, ಒಂದು ಸುಳ್ಳು ಸುದ್ದಿ, ಕೊನೆಗೆ ಎರಡು ಹೆಣ. ಅವಸರದ ಪ್ರೇಮದ ಅಪಾಯಗಳನ್ನು ವಿವರಿಸಿ ಎಂದು ಪ್ರಶ್ನೆ. ಗೈಡಿನಲ್ಲಿ ಉತ್ತರ ಸಿದ್ಧವಿರುತ್ತಿತ್ತು, ಮಕ್ಕಳು ಅದನ್ನೇ ಉರು ಹೊಡೆದು ಬರೆಯುತ್ತಿದ್ದರು. ಹಿರಿಯರ ಮಾತು ಕೇಳಿದ್ದರೆ ಈ ಗತಿ ಬರುತ್ತಿರಲಿಲ್ಲ ಎಂದು. ಅಂಕ ಕೊಡದೆ ವಿಧಿಯಿರಲಿಲ್ಲ, ಕೊಡುತ್ತಿದ್ದೆ. ಆದರೆ ತರಗತಿಯಲ್ಲಿ ಕೇಳದೆ ಬಿಡುತ್ತಿರಲಿಲ್ಲ. ಹಗೆ ಸಾಧಿಸಿದವರು ಯಾರು? ರಾತ್ರೋರಾತ್ರಿ ಬೇರೆ ಗಂಡು ಗೊತ್ತು ಮಾಡಿದವರು ಯಾರು? ಎರಡು ಮಕ್ಕಳು ಸತ್ತ ಮೇಲೆ ಮಾತ್ರ ಒಬ್ಬರಿಗೊಬ್ಬರು ಕೈ ಕೊಡುವ ಈ ದೊಡ್ಡವರಿಗೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಪ್ರಶ್ನೆ ಯಾಕಿಲ್ಲ? ಹಿಂದಿನ ಬೆಂಚಿನ ಹುಡುಗಿಯರು ಆಗ ತಲೆ ಎತ್ತಿ ನೋಡುತ್ತಿದ್ದರು.

ಅತ್ತೆಗೆ ಈಗ ಎಂಬತ್ತರ ಆಸುಪಾಸು. ಹಾಸ್ಟೆಲಿನ ಹತ್ತಿರವೇ ಒಂದು ಕೋಣೆ ಮಾಡಿಕೊಂಡಿದ್ದಾಳೆ. ನನ್ನ ಮನೆಗೆ ಬಾ ಎಂದರೆ ಬರುವುದಿಲ್ಲ. ಕಳೆದ ವರ್ಷ ಹೋದಾಗ ಬಾಗಿಲ ಮುಂದೆ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದಳು. ಬಹಳ ವರ್ಷಗಳಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. ಆ ವಯಸ್ಸಿನಲ್ಲಿ ಹಾಗೆ ಹೊರಟದ್ದು ತಪ್ಪು ಅನಿಸಿದ್ದುಂಟೇ ಅತ್ತೀ, ಎಂದು. ಅವಳು ನನ್ನ ಕಡೆ ತಿರುಗಿದಳು. ಕಣ್ಣಿಗೆ ಪೊರೆ ಬಂದಿದೆ, ಆದರೂ ಆ ನೋಟಕ್ಕೆ ನಾನು ಹಿಂಜರಿದೆ.

"ಹೊಂಟಿದ್ದು ತಪ್ಪಲ್ಲ. ಬಾಗಲಕೋಟಿ ಸ್ಟ್ಯಾಂಡಿನಾಗ ನಿಮ್ಮಪ್ಪ ಬಂದು ರಟ್ಟಿ ಹಿಡದಾ. ಸುತ್ತ ಅಷ್ಟು ಮಂದಿ ಇದ್ರು, ಪೊಲೀಸನೂ ಒಬ್ಬ ಇದ್ದ. ತುಳಸಿಗೇರಿ ಬಸ್ಸು ಮುಂದ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಚೀರಿದ್ರ ಆಗತಿತ್ತು, ಕಚ್ಚಿದ್ರ ಆಗತಿತ್ತು. ನಾ ಏನ ಅನಕೊಂಡೆ ಗೊತ್ತೇನು? ಅಣ್ಣ ಅದಾನ, ಇವತ್ತ ಸಿಟ್ಟಿನಾಗ ಅದಾನ, ನಾಳಿ ಸಮಾಧಾನ ಆಕ್ಕಾನ, ಅವಸರ ಬ್ಯಾಡ ಅಂತ ಅನಕೊಂಡು, ತಲಿ ತಗ್ಗಿಸಿ ಅವನ ಹಿಂದ ಬಂದೆ."

ಅವಳು ಬಿಸಿಲಿನಿಂದ ಕಾಲು ಒಳಗೆಳೆದುಕೊಂಡಳು.

"ಅದ ನೋಡು ನಾ ಮಾಡಿದ ತಪ್ಪು."